ಒದ್ದೆ ಲಂಗೋಟಿ, ಅಳುವ ಕೂಸು

ಮಳೆಗಾಲದಲ್ಲಿ ನಾಂದಣಿ, ಇಚಲಕರಂಜಿ, ಗಡಹಿಂಗ್ಲಜ ಕಡೆ ಬಾಣಂತಿ ಇರುವ ಮನೆಗೆ ಹೋದವರಿಗೆ ಈ ನೋಟ ಹೊಸದಲ್ಲ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿರುತ್ತದೆ. ಹಗ್ಗದ ತುಂಬ ಹಳೆಯ ಧೋತರ, ಹಳೆಯ ಸೀರೆ ಹರಿದು ಮಾಡಿದ ಚಿಕ್ಕ ಚಿಕ್ಕ ಲಂಗೋಟಿಗಳು. ಹೊರಗೆ ಮಳೆ ನಿಂತಿಲ್ಲ, ಒಳಗೆ ಬಟ್ಟೆ ಒಣಗಿಲ್ಲ. ತೊಟ್ಟಿಲಲ್ಲಿ ಕೂಸು ಒಂದೇ ಸಮನೆ ಅಳುತ್ತಿದೆ. ಬಿಚ್ಚಿ ನೋಡಿದರೆ ತೊಡೆ, ಪಿರ್ರೆಗಳು ಕೆಂಪಗೆ ಕಂದಿಹೋಗಿವೆ. ನೀರು ತಾಗಿಸಿದರೆ ಚೀರುತ್ತದೆ.

ಇಷ್ಟಾದ ಮೇಲೆ ಮನೆಯಲ್ಲಿ ತೀರ್ಪುಗಳು ಶುರುವಾಗುತ್ತವೆ. “ಬಾಣಂತಿ ಪಥ್ಯ ಬಿಟ್ಟಾಳ, ಕೂಸಿಗೆ ಉಷ್ಣ ಆಗೇತಿ” ಎನ್ನುತ್ತಾರೆ ಅಜ್ಜಿ. “ದೃಷ್ಟಿ ತಾಕಿರಬೇಕು” ಎನ್ನುತ್ತಾರೆ ಪಕ್ಕದ ಮನೆಯವರು. ಔಷಧಿ ಅಂಗಡಿಯವನು ಯಾವುದೋ ಟ್ಯೂಬು ಕೊಟ್ಟು ಕಳಿಸುತ್ತಾನೆ. ಎಲ್ಲರ ಮಾತು ಕೇಳಿ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುವವಳು ಮಾತ್ರ ಮೊದಲ ಬಾರಿ ತಾಯಿಯಾದ ಆ ಹುಡುಗಿ.

ಗುರುಗಳಿಗೆ ಲಂಗೋಟಿಯ ಉಸಾಬರಿ ಏಕೆ ಎಂದು ಓದುಗರು ನಗಬಹುದು. ನಗಲಿ, ಅಡ್ಡಿಯಿಲ್ಲ. ಕುಟುಂಬಗಳ ಭೇಟಿಗೆ ಹೋಗುವ ನಾವು ದೊಡ್ಡ ದೊಡ್ಡ ಜಗಳಗಳ ಹಿಂದೆ ಇಂಥ ಸಣ್ಣ ಕಾರಣಗಳನ್ನು ಕಂಡಿದ್ದೇವೆ. ಕೂಸಿನ ತೊಡೆಯ ಮೇಲಿನ ದದ್ದು ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಮಾಯುತ್ತದೆ. ಆ ದಿನಗಳಲ್ಲಿ ತಾಯಿಗೆ ಅಂದ ಮಾತು ಅಷ್ಟು ಬೇಗ ಮಾಯುವುದಿಲ್ಲ. ಆದ್ದರಿಂದ ಈ ದದ್ದು ಏನು, ಏಕೆ ಬರುತ್ತದೆ, ಮನೆಮಂದಿ ಏನು ಮಾಡಬೇಕು ಎಂಬುದನ್ನು ಒಟ್ಟಿಗೆ ಕುಳಿತು ತಿಳಿದುಕೊಳ್ಳೋಣ.

ದದ್ದು ಏಕೆ ಬರುತ್ತದೆ?

ಹುಟ್ಟಿದ ಹೊಸದರಲ್ಲಿ ಕೂಸು ದಿನಕ್ಕೆ ಹೆಚ್ಚುಕಡಿಮೆ 20 ಸಲ ಮೂತ್ರ ಮಾಡುತ್ತದೆ. ಲಂಗೋಟಿ ಒದ್ದೆಯಾಗಿಯೇ ಇದ್ದರೆ ಅದರ ಕೆಳಗಿನ ಚರ್ಮ ನೀರು ಕುಡಿದು ಮೆತ್ತಗಾಗುತ್ತದೆ. ಬಹಳ ಹೊತ್ತು ಬಟ್ಟೆ ಒಗೆದ ಕೈಬೆರಳು ಹೇಗೆ ಸುಕ್ಕಾಗುತ್ತದೋ ಹಾಗೆಯೇ. ಮೆತ್ತಗಾದ ಚರ್ಮಕ್ಕೆ ಬಟ್ಟೆ ಉಜ್ಜಿದರೆ ಬೇಗ ಸುಲಿಯುತ್ತದೆ.

ಮೂತ್ರದ ಜೊತೆ ಮಲವೂ ಸೇರಿದರೆ ತೊಂದರೆ ಇಮ್ಮಡಿ. ಮಲದಲ್ಲಿರುವ ಸೂಕ್ಷ್ಮಜೀವಿಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಬೆಳಗಿನ ಲಂಗೋಟಿ ಬಿಚ್ಚುವಾಗ ಮೂಗಿಗೆ ಹೊಡೆಯುವ ಘಾಟು ಅದೇ. ಆರೋಗ್ಯವಂತ ಚರ್ಮದಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತದೆ. ಅಮೋನಿಯಾ ಅದನ್ನು ಕೆಡಿಸುತ್ತದೆ. ಆಗ ಹಾಲು, ಅನ್ನವನ್ನು ಜೀರ್ಣಿಸುವ ಕೆಲಸ ಮಾಡಿ ಮಲದೊಂದಿಗೆ ಹೊರಬಂದ ಕಿಣ್ವಗಳು ಕೂಸಿನ ಚರ್ಮವನ್ನೇ ತಿನ್ನತೊಡಗುತ್ತವೆ. ಭೇದಿಯಾದಾಗ ಒಂದೇ ದಿನದಲ್ಲಿ ಚರ್ಮ ಸುಲಿಯುವುದು ಇದರಿಂದಲೇ.

ಒದ್ದೆ, ಉಜ್ಜುವಿಕೆ, ಮಲ, ಬಟ್ಟೆಯಲ್ಲಿ ಉಳಿದ ಸಾಬೂನು: ದದ್ದಿಗೆ ಬಹುಮಟ್ಟಿಗೆ ಈ ನಾಲ್ಕೇ ಕಾರಣ. ದೃಷ್ಟಿಯಿಂದ ಬಂದದ್ದಲ್ಲ.

ತಾಯಿಯ ಊಟ ಕಸಿಯಬೇಡಿ

ತಾಯಿ ಬದನೆಕಾಯಿ ತಿಂದಳು, ಬೇಳೆ ತಿಂದಳು ಎಂದು ಕೂಸಿನ ಪಿರ್ರೆ ಕೆಂಪಾಗುವುದಿಲ್ಲ. ಇಷ್ಟನ್ನು ನಾವು ಬಿಡಿಸಿ ಹೇಳಲೇಬೇಕು. ಏಕೆಂದರೆ ದದ್ದು ಬಂದ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಬಾಣಂತಿಯ ತಟ್ಟೆಯ ಊಟ. ಸೊಪ್ಪು ಬೇಡ, ಹಣ್ಣು ಬೇಡ, ನೀರೂ ಅಷ್ಟೇ ಸಾಕು ಎನ್ನುತ್ತಾರೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು, ಹಗಲು ರಾತ್ರಿ ಹಾಲೂಡುವವಳಿಗೆ ಆಗ ಬೇಕಾದದ್ದು ಹೆಚ್ಚಿನ ಊಟ.

ಇನ್ನೊಂದು ಮಾತೂ ಇದೆ. ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಚರ್ಮವನ್ನು ಸುಡುವ ಗುಣ ಕಡಿಮೆ. ಹಾಗಾಗಿ ಅಂಥ ಕೂಸುಗಳಿಗೆ ದದ್ದೂ ಕಡಿಮೆ. ಮೊದಲ 6 ತಿಂಗಳು ಎದೆಹಾಲು ಮಾತ್ರ ಎಂಬ ನಿಯಮ ಈ ತೊಂದರೆಗೂ ಒಂದು ಔಷಧಿ. ತಾಯಿಯ ತಟ್ಟೆ ತುಂಬಿದ್ದರೆ ಅದರ ಲಾಭ ಕೂಸಿಗೇ. ಕೂಸಿಗೆ ಬೇರೆ ಆಹಾರ ಶುರು ಮಾಡಿದ ಮೇಲೆ ಮಲದ ಗುಣ ಬದಲಾಗುತ್ತದೆ. 9ರಿಂದ 12 ತಿಂಗಳ ವಯಸ್ಸಿನಲ್ಲಿ ದದ್ದು ಹೆಚ್ಚಾಗಿ ಕಾಣುವುದು ಅದಕ್ಕೇ. ಆಗ ಇನ್ನಷ್ಟು ಎಚ್ಚರ ಬೇಕು.

ಯಾವ ಬಟ್ಟೆ ಒಳ್ಳೆಯದು?

ಬಟ್ಟೆಯ ವಿಷಯದಲ್ಲಿ ಈ ಸೀಮೆಯವರು ಭಾಗ್ಯವಂತರು. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅಂದಿನಿಂದ ಆ ಊರು ನೇಯುತ್ತಲೇ ಬಂದಿದೆ. ಮೆತ್ತನೆಯ ಹತ್ತಿ ಬಟ್ಟೆ ಹತ್ತಿರದಲ್ಲೇ ಸಿಗುತ್ತದೆ.

ಆದರೆ ಮಗ್ಗದಿಂದ ಬಂದ ಹೊಸ ಬಟ್ಟೆಯನ್ನು ಹಾಗೆಯೇ ಕೂಸಿಗೆ ಕಟ್ಟಬಾರದು. ನೇಯುವಾಗ ಹಾಸುನೂಲು ಹರಿಯದಿರಲೆಂದು ಅದಕ್ಕೆ ಗಂಜಿ ಹಾಕುತ್ತಾರೆ. ಸೈಜಿಂಗ್ ಎನ್ನುವುದು ಇದನ್ನೇ. ಗಂಜಿ ಇರುವವರೆಗೆ ಬಟ್ಟೆ ಬಿರುಸು, ನೀರನ್ನೂ ಸರಿಯಾಗಿ ಹೀರುವುದಿಲ್ಲ. ಬಿಸಿನೀರಿನಲ್ಲಿ ನಾಲ್ಕೈದು ಸಲ ಒಗೆದ ಮೇಲೆ ಅದು ಲಂಗೋಟಿಗೆ ಯೋಗ್ಯ. ನಮ್ಮ ಆಯಿಗಳು ಹಳೆಯ ಧೋತರವನ್ನೇ ಹುಡುಕುತ್ತಿದ್ದುದರಲ್ಲಿ ಅರ್ಥವಿತ್ತು. ನೂರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನ ಬಟ್ಟೆ ಬೇರೆ ಇಲ್ಲ. ಟೆರಿಕಾಟ್, ನೈಲಾನ್ ಸೀರೆಯ ತುಂಡುಗಳು ಮಾತ್ರ ಬೇಡ, ಅವು ನೀರು ಹೀರುವುದಿಲ್ಲ.

ಬಣ್ಣ ಬಿಡುವ ಬಟ್ಟೆಯೂ ಬೇಡ. 1886ರಲ್ಲಿ ಇಂಗ್ಲೆಂಡಿನಲ್ಲಿ ನವಜಾತ ಶಿಶುಗಳು ಇದ್ದಕ್ಕಿದ್ದಂತೆ ನೀಲಿಗಟ್ಟಿದವು. ಲಂಗೋಟಿಯ ಮೇಲೆ ಗುರುತಿಗಾಗಿ ಒತ್ತಿದ್ದ ಅನಿಲೀನ್ ಶಾಯಿ ಚರ್ಮದ ಮೂಲಕ ರಕ್ತಕ್ಕೆ ಸೇರಿತ್ತು. ಲಂಗೋಟಿಯ ಕೆಳಗಿನ ಚರ್ಮ ಎಷ್ಟು ಸುಲಭವಾಗಿ ಏನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಈ ಘಟನೆಯೇ ಸಾಕ್ಷಿ.

ಟ್ರಂಕಿನಿಂದ ತೆಗೆದ ಹಳೆಯ ಬಟ್ಟೆಯ ಬಗ್ಗೆ ಇನ್ನೂ ದೊಡ್ಡ ಎಚ್ಚರಿಕೆ ಬೇಕು. ಅದರಲ್ಲಿ ನುಸಿಗುಳಿಗೆ, ಅಂದರೆ ಕೆಲವರು ಡಾಂಬರ ಗುಳಿಗೆ ಎನ್ನುವ ನ್ಯಾಫ್ತಲೀನ್ ಇಟ್ಟಿದ್ದರೆ ಅದರ ವಾಸನೆ ಬಟ್ಟೆಗೆ ಹಿಡಿದಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಂದ ಹುಟ್ಟುವ ಕೆಲವು ಮಕ್ಕಳಿರುತ್ತಾರೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅಂಥ ಕೂಸಿಗೆ ಈ ವಾಸನೆ ತಾಗಿದರೆ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಆಗಬಹುದು, ಮೆದುಳಿಗೇ ಪೆಟ್ಟು ಬೀಳಬಹುದು. ಬಾಣಂತಿಯ ಕೋಣೆಯಲ್ಲೂ ಕೂಸಿನ ಬಟ್ಟೆಯಲ್ಲೂ ಆ ಗುಳಿಗೆ ಇರಲೇಬಾರದು.

ಒಗೆಯುವ ಕ್ರಮ

ಶಿರೋಳ ತಾಲೂಕಿನ ಕಪ್ಪು ಮಣ್ಣಿಗೆ ಕಬ್ಬಿನ ನೀರು ಅತಿಯಾಗಿ ಉಂಡು ಎಷ್ಟೋ ಹೊಲ ಸವಳಾಗಿರುವುದು ರೈತರಿಗೆಲ್ಲ ಗೊತ್ತು. ಅಂಥ ಕಡೆ ಬಾವಿ, ಬೋರಿನ ನೀರೂ ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ. ನೀರಿನ ಸುಣ್ಣದ ಅಂಶದೊಂದಿಗೆ ಕೂಡಿ ಜಿಡ್ಡಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಒಣಗಿದ ಲಂಗೋಟಿ ಹಪ್ಪಳದಂತೆ ಬಿರುಸಾಗುವುದು ಇದರಿಂದಲೇ. ಒದ್ದೆಯಾದ ಚರ್ಮವನ್ನು ಆ ಜಿಡ್ಡು ಕೆರಳಿಸುತ್ತದೆ.

ಹೀಗೆ ಮಾಡಿ. ಮಲವನ್ನು ಮೊದಲು ಶೌಚಾಲಯದಲ್ಲಿ ತೊಳೆದುಬಿಡಿ. ತಣ್ಣೀರಿನಲ್ಲಿ ಒಮ್ಮೆ ಹಿಂಡಿ. ನಂತರ ಕೈ ಹಾಕಲಾಗದಷ್ಟು ಬಿಸಿ ನೀರಿನಲ್ಲಿ ಸ್ವಲ್ಪವೇ ಸಾಬೂನು ಹಾಕಿ ನೆನೆಸಿ ಒಗೆಯಿರಿ. ಆಮೇಲೆ ಸ್ವಚ್ಛ ನೀರಿನಲ್ಲಿ ಕನಿಷ್ಠ ಮೂರು ಸಲ ಜಾಲಾಡಿಸಿ. ಮಳೆಯ ನೀರು ಮೃದು. ಮಾಳಿಗೆಯಿಂದ ಹಿಡಿದ ಸ್ವಚ್ಛ ಮಳೆನೀರು ಇದ್ದರೆ ಕೊನೆಯ ಜಾಲಾಟಕ್ಕೆ ಅದೇ ಉತ್ತಮ. ಹೊಳೆಯ ಕೊಳಕು ನೀರಿನಲ್ಲಿ ಕೂಸಿನ ಬಟ್ಟೆ ಒಗೆಯುವುದು ಬೇಡ.

ಸಾಬೂನು ಉಳಿದಿದೆಯೇ ಎಂದು ತಿಳಿಯುವುದು ಸುಲಭ. ಒಣಗಿದ ಲಂಗೋಟಿಯೊಂದನ್ನು ತಿಳಿನೀರಿನಲ್ಲಿ ಅದ್ದಿ ಜೋರಾಗಿ ಹಿಂಡಿ. ನೀರು ಕದಡಿದರೆ ಅಥವಾ ನೊರೆ ಬಂದರೆ ಜಾಲಾಡಿಸಿದ್ದು ಸಾಲದು. ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ. ಹೀರದೆ ಜಾರಿಹೋದರೂ ಅದೇ ಅರ್ಥ. ಪರಿಮಳದ ಬಟ್ಟೆ ಮೃದುಕಾರಿಗಳೂ ಬಟ್ಟೆಗೆ ಪೊರೆ ಕಟ್ಟಿ ಹೀರುವ ಗುಣವನ್ನು ಕೆಡಿಸುತ್ತವೆ.

ಕ್ರಿಮಿ ಸಾಯಲಿ ಎಂದು ಕೆಲವರು ಕೊನೆಯ ನೀರಿಗೆ ನಂಜುನಾಶಕ ದ್ರವ ಸುರಿಯುತ್ತಾರೆ. ಅದು ಬಟ್ಟೆಯಲ್ಲೇ ಉಳಿಯುತ್ತದೆ. 1980ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಲಂಗೋಟಿ ಒಗೆದುಕೊಡುವ ವ್ಯಾಪಾರಿಗಳು ಬೂಷ್ಟು ಹಿಡಿಯದಿರಲೆಂದು ಪಾದರಸದ ಔಷಧಿ ಬಳಸಿದ್ದರು. ಸಾವಿರಾರು ಕೂಸುಗಳ ಮೈಗೆ ಆ ಪಾದರಸ ಚರ್ಮದ ಮೂಲಕವೇ ಸೇರಿತು. ಬಿಸಿನೀರು, ಬಿಸಿಲು, ಇಸ್ತ್ರಿ ಈ ಮೂರೂ ಇರುವಾಗ ಬೇರೆ ವಿಷ ಬೇಡ. ಮನೆಯಲ್ಲಿ ಯಾರಿಗಾದರೂ ಗಜಕರ್ಣ ಇದ್ದರೆ ಅವರ ಬಟ್ಟೆಯ ಜೊತೆ ಕೂಸಿನ ಬಟ್ಟೆ ನೆನೆಸಬೇಡಿ.

ಮಳೆಯಲ್ಲಿ ಒಣಗಿಸುವುದು ಹೇಗೆ?

ಅರೆ ಒಣಗಿದ ಬಟ್ಟೆ ಕಟ್ಟುವುದೂ ಒದ್ದೆ ಬಟ್ಟೆ ಕಟ್ಟುವುದೂ ಒಂದೇ. ಗಡಹಿಂಗ್ಲಜ, ಆಜರಾ ಕಡೆ ವಾರಗಟ್ಟಲೆ ಬಿಸಿಲು ಕಾಣದ ದಿನಗಳಿವೆ. ಆದ್ದರಿಂದ ಮಳೆಗಾಲದಲ್ಲಿ ಹುಟ್ಟುವ ಕೂಸಿಗೆ 30 ಲಂಗೋಟಿಗಳಾದರೂ ಮೊದಲೇ ಸಿದ್ಧವಿರಲಿ. ಬಟ್ಟೆಯನ್ನು ದಪ್ಪವಾಗಿ ಹೊಲಿಯದೆ ಒಂದೇ ಪದರಾಗಿ ಇಟ್ಟು ಕಟ್ಟುವಾಗ ಮಡಚಿಕೊಂಡರೆ ಬೇಗ ಒಣಗುತ್ತದೆ. ಚೆನ್ನಾಗಿ ಹಿಂಡಿ, ಫ್ಯಾನಿನ ಕೆಳಗೆ ಒಂದರ ಮೇಲೊಂದು ಬೀಳದಂತೆ ಹರವಿ, ಕೊನೆಗೆ ಇಸ್ತ್ರಿ ಮಾಡಿ. ಒಲೆಯ ಹೊಗೆಯ ಮೇಲೆ ಒಣಗಿಸಬೇಡಿ. ಹೊಗೆ ಕೂಸಿನ ಎದೆಗೆ ಒಳ್ಳೆಯದಲ್ಲ.

2005, 2019 ಮತ್ತು 2021ರ ಮಹಾಪೂರಗಳನ್ನು ಕೃಷ್ಣಾ, ಪಂಚಗಂಗೆಯ ದಡದವರು ಮರೆತಿಲ್ಲ. ನೀರು ಏರುತ್ತಿದೆ ಎಂದೊಡನೆ ಕಾಗದಪತ್ರ, ದಾಗೀನು ಕಟ್ಟಿಡುವಾಗ ಕೂಸಿನ ಒಣ ಲಂಗೋಟಿಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಇಟ್ಟುಕೊಳ್ಳಿ. ಪರಿಹಾರ ಸಾಮಗ್ರಿ ಕೂಡಿಸುವ ನಮ್ಮ ಯುವಕ ಯುವತಿಯರಿಗೂ ಒಂದು ಮಾತು: ಅಕ್ಕಿ, ಬಿಸ್ಕತ್ತಿನ ಜೊತೆ ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯ ಒಂದು ಗಂಟೂ ಇರಲಿ.

ಬದಲಾಯಿಸುವುದೇ ಮೊದಲ ಔಷಧಿ

ಬಟ್ಟೆಯ ಲಂಗೋಟಿ ನೀರನ್ನು ಹಿಡಿದಿಡುತ್ತದೆ, ಚರ್ಮದಿಂದ ದೂರ ಇಡುವುದಿಲ್ಲ. ಹಾಗಾಗಿ ಒದ್ದೆಯಾದೊಡನೆ ಬಿಚ್ಚಬೇಕು. ಹಗಲಿನಲ್ಲಿ ಗಂಟೆಗೊಮ್ಮೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಕೈ ಹಾಕಿ ನೋಡಿ. ಮಲ ಮಾಡಿದ್ದರೆ ಒಂದು ನಿಮಿಷವೂ ತಡ ಬೇಡ. ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಹಾಸಿಗೆ ಉಳಿಯುತ್ತದೆ, ಕೂಸಿನ ಚರ್ಮ ಬೇಯುತ್ತದೆ.

ಅಂಗಡಿಯ ಡೈಪರ್ ಹಾಕುವುದು ತಪ್ಪೇ ಎಂದು ತಾಯಂದಿರು ಕೇಳುತ್ತಾರೆ. ತಪ್ಪೇನಿಲ್ಲ. ಒಳ್ಳೆಯ ಡೈಪರ್ ನೀರನ್ನು ಒಳಗೆಳೆದುಕೊಂಡು ಚರ್ಮವನ್ನು ಒಣಗಿಡುತ್ತದೆ. ರಾತ್ರಿ, ಪ್ರಯಾಣದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನೂ ದಿನವಿಡೀ ಬಿಟ್ಟರೆ ಅದೇ ದದ್ದು. ಬಟ್ಟೆ ಸಾಕು ಎನ್ನುವವರು ರಾತ್ರಿ ಎರಡು ಪದರ ಕಟ್ಟಿ, ಹಾಲೂಡಿಸಲು ಎದ್ದಾಗ ಬದಲಾಯಿಸಿ.

ತೊಳೆಯಲು ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ ಸಾಕು. ಪ್ರತಿ ಸಲ ಸಾಬೂನು ಬೇಡ. ಹೆಣ್ಣುಕೂಸನ್ನು ಮುಂದಿನಿಂದ ಹಿಂದಕ್ಕೆ ಒರೆಸಿ. ಉಜ್ಜಬೇಡಿ, ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಸೊಂಟದ ಉಡದಾರ ಒದ್ದೆಯಾಗಿದ್ದರೆ ಅದರ ಕೆಳಗೂ ಗೆರೆಯಾಗಿ ಚರ್ಮ ಕೆಡುತ್ತದೆ. ಅದನ್ನು ತೆಗೆದಿಡಿ, ಇಲ್ಲವೇ ಸಡಿಲಿಸಿ ಒಣಗಿಸಿ. ದಿನಕ್ಕೆ ನಾಲ್ಕೈದು ಸಲ 10–15 ನಿಮಿಷ ಲಂಗೋಟಿ ಇಲ್ಲದೆ ಮಡಚಿದ ಬಟ್ಟೆಯ ಮೇಲೆ ಮಲಗಿಸಿ. ಗಾಳಿಯಷ್ಟು ಅಗ್ಗದ ಔಷಧಿ ಬೇರೆ ಇಲ್ಲ.

ದದ್ದು ಕಂಡರೆ ಜಿಂಕ್ ಆಕ್ಸೈಡ್ ಮುಲಾಮನ್ನೋ ವ್ಯಾಸಲೀನನ್ನೋ ದಪ್ಪಗೆ ಹಚ್ಚಿ. ಅದು ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆಯಾಗುತ್ತದೆ. ಬದಲಾಯಿಸುವಾಗ ಕೊಳೆಯಾದಷ್ಟನ್ನು ಮಾತ್ರ ಒರೆಸಿ ಮೇಲೆ ಮತ್ತೆ ಹಚ್ಚಿ. ಪೂರ್ತಿ ಕೆರೆದು ತೆಗೆಯಬೇಡಿ. ಅರಿಸಿನ, ಬೂದಿ, ಸಾಸಿವೆ ಎಣ್ಣೆ ಬೇಡ.

ಪೌಡರೂ ಬೇಡ. ಅದು ಒದ್ದೆಯಲ್ಲಿ ಗಂಟುಗಟ್ಟಿ ಉಜ್ಜುತ್ತದೆ, ಹಾರಿದ ಹುಡಿ ಕೂಸಿನ ಶ್ವಾಸಕೋಶಕ್ಕೆ ಹೋಗುತ್ತದೆ. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಕಂಪನಿಯ ಮಕ್ಕಳ ಪೌಡರಿಗೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ಅತಿಯಾಗಿ ಬೆರೆತುಹೋಗಿ 36 ಮಕ್ಕಳು ತೀರಿಕೊಂಡರು. ಅವರ ತಾಯಂದಿರೂ ಪ್ರೀತಿಯಿಂದಲೇ ಹಚ್ಚಿದ್ದರು.

ದೀಕ್ಷಾಸ್ನಾನದ ದಿನದ ಬಗ್ಗೆಯೂ ಒಂದು ಕೋರಿಕೆ. ನೈಲಾನ್ ಜಾಲರಿಯ ಬಿಳಿ ಅಂಗಿ, ಒಳಗೆ ಪ್ಲಾಸ್ಟಿಕ್ ಚಡ್ಡಿ, ಪೂಜೆ ಮುಗಿದ ಮೇಲೆ ಫೋಟೋ, ಆಮೇಲೆ ಊಟ: ಇಷ್ಟೂ ಹೊತ್ತು ಕೂಸು ಒಂದೇ ಲಂಗೋಟಿಯಲ್ಲಿ ಇರುತ್ತದೆ. ಅಂಗಿಯ ಒಳಗೆ ಹತ್ತಿಯದೊಂದು ಇರಲಿ. ನಡುವೆ ಎದ್ದು ಹೋಗಿ ಬದಲಾಯಿಸಿಕೊಂಡು ಬನ್ನಿ. ಗುರುಗಳು ಕಾಯುತ್ತಾರೆ, ಬೇಸರವಿಲ್ಲ.

ಟ್ಯೂಬು ತರುವ ಮುನ್ನ

ಒಂದೇ ಟ್ಯೂಬಿನಲ್ಲಿ ಎಲ್ಲಕ್ಕೂ ಔಷಧಿ ಇದೆ ಎಂದು ಮಾರುವ ಮುಲಾಮುಗಳಲ್ಲಿ ಹಲವಕ್ಕೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್‌ನಂಥ ಬಲವಾದ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ, ಮನೆಯವರಿಗೆ ಸಂತೋಷ. ಆದರೆ ಬೂಷ್ಟಿನ ಸೋಂಕು ಇದ್ದರೆ ಅದು ಒಳಗೊಳಗೇ ಹರಡುತ್ತದೆ. ಕೂಸಿನ ಚರ್ಮ ತೆಳು, ಮೇಲೆ ಲಂಗೋಟಿಯ ಮುಚ್ಚಳ. ಔಷಧಿ ಬೇಗ ರಕ್ತಕ್ಕಿಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತಾಗಬಹುದು, ಮುಖ ಊದಬಹುದು, ಬೆಳವಣಿಗೆ ಕುಂಠಿತವಾಗಬಹುದು. 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ಚೀಟಿ ಕೇಳದ ಅಂಗಡಿ ಇರಬಹುದು. ಚೀಟಿ ಇಲ್ಲದೆ ಕೊಳ್ಳುವುದಿಲ್ಲ ಎಂಬ ಹಟ ನಮ್ಮದಿರಲಿ.

ಡಾಕ್ಟರರ ಬಳಿ ಯಾವಾಗ?

ಸಾಮಾನ್ಯ ದದ್ದು ಬಟ್ಟೆ ತಾಗುವ ಉಬ್ಬಿನ ಭಾಗಗಳಲ್ಲಿ ಇರುತ್ತದೆ, ಚರ್ಮದ ಮಡಿಕೆಯೊಳಗೆ ಇರುವುದಿಲ್ಲ. ಈ ಕೆಳಗಿನ ಲಕ್ಷಣಗಳಿದ್ದರೆ ಮನೆಮದ್ದು ನಿಲ್ಲಿಸಿ ಡಾಕ್ಟರರಿಗೆ ತೋರಿಸಿ:

1. ಮೂರು ದಿನ ಸರಿಯಾಗಿ ಆರೈಕೆ ಮಾಡಿದರೂ ಇಳಿಯದಿದ್ದರೆ.
2. ಮಡಿಕೆಗಳ ಒಳಗೂ ಕಡುಗೆಂಪಾಗಿ, ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು ಎದ್ದರೆ. ಇದು ಕ್ಯಾಂಡಿಡಾ ಎಂಬ ಬೂಷ್ಟು ಇರಬಹುದು. ಬಾಯೊಳಗೆ ಬಿಳಿ ಹೊಪ್ಪಳಿಕೆಯೂ ಇದ್ದರೆ, ಅಥವಾ ಇತ್ತೀಚೆಗೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಸಂಶಯ ಹೆಚ್ಚು.
3. ನೀರುಗುಳ್ಳೆ, ಕೀವು, ಹಳದಿ ಹಕ್ಕಳೆ, ರಕ್ತ ಕಂಡರೆ, ಜ್ವರ ಬಂದರೆ, ಕೂಸು ಹಾಲು ಕುಡಿಯದಿದ್ದರೆ.
4. ಬಾಯಿಯ ಸುತ್ತ, ಕೈಕಾಲಿನ ಮೇಲೂ ಅಂಥದೇ ಹುಣ್ಣು ಎದ್ದರೆ. ದೇಹದಲ್ಲಿ ಸತುವಿನ ಕೊರತೆ ಇದ್ದಾಗ ಹೀಗಾಗುತ್ತದೆ, ಮುಲಾಮಿನಿಂದ ವಾಸಿಯಾಗುವುದಿಲ್ಲ.
5. ಭೇದಿ ನಿಲ್ಲದಿದ್ದರೆ. ಆಗ ದದ್ದಿಗಿಂತ ಮೊದಲು ಭೇದಿಯ ಚಿಕಿತ್ಸೆ.

ದೂರ ಹೋಗಲಾಗದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಬೇಕೆಂಬ ನಿಯಮವಿದೆ. ಬಂದಾಗ ಲಂಗೋಟಿ ಬಿಚ್ಚಿ ತೋರಿಸಿ, ಸಂಕೋಚ ಬೇಡ.

ಇದು ಯಾರ ಕೆಲಸ?

ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ಲಂಗೋಟಿ ಬಿಚ್ಚಬೇಕು, ಒಗೆಯಬೇಕು, ಮೂರು ಸಲ ಜಾಲಾಡಿಸಬೇಕು, ಒಣಗಿಸಬೇಕು, ಇಸ್ತ್ರಿ ಮಾಡಬೇಕು. ಹೊಲಿಗೆ ಇನ್ನೂ ಮಾಯದ, ರಾತ್ರಿ ನಿದ್ದೆ ಇಲ್ಲದ ಒಬ್ಬ ಬಾಣಂತಿಯಿಂದ ಇದು ಆಗುವ ಕೆಲಸವೇ? ಆಗದಿದ್ದಾಗ ಒದ್ದೆ ಬಟ್ಟೆ ಕೂಸಿನ ಮೈಮೇಲೆ ಉಳಿಯುತ್ತದೆ, ದದ್ದು ಏಳುತ್ತದೆ. ದದ್ದು ತಾಯಿಯ ಅಲಕ್ಷ್ಯವನ್ನು ತೋರಿಸುತ್ತದೆ ಎನ್ನುವವರು ಮನೆಯಲ್ಲಿ ಎಷ್ಟು ಕೈಗಳು ಸುಮ್ಮನೆ ಕುಳಿತಿವೆ ಎಂಬುದನ್ನೂ ಎಣಿಸಲಿ.

ಇಚಲಕರಂಜಿಯ ಮಗ್ಗದಲ್ಲಿ ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದ ಗಂಡನಿಗೂ ದಣಿವಿರುತ್ತದೆ, ಒಪ್ಪುತ್ತೇವೆ. ಆದರೂ ಸಾವಿರಾರು ಗಜ ಬಟ್ಟೆ ನೇಯುವ ಕೈಗೆ ತನ್ನ ಕೂಸಿನ ಒಂದು ಗೇಣು ಬಟ್ಟೆ ಹಿಂಡುವುದು ಅವಮಾನವಲ್ಲ. ಒಂದು ಬಕೆಟ್ ಅವನದಾಗಲಿ. ಇಸ್ತ್ರಿ ಮೈದುನನದಾಗಲಿ. ಬಟ್ಟೆ ಮಡಚುವ ಕೆಲಸ ಮಾವನವರಿಗೆ ಬರುತ್ತದೆ. ಅತ್ತೆಯವರ ಅನುಭವ ದೊಡ್ಡದು. ಅದು ಸೊಸೆಯ ಪಕ್ಕದಲ್ಲಿ ಕುಳಿತು ಕೈಗೂಡಿಸುವ ಅನುಭವವಾಗಲಿ.

ಪ್ರಿಯ ಕುಟುಂಬದವರೇ, ಕೂಸಿಗೆ ಮಾತು ಬಾರದು. ಒದ್ದೆಯಾಗಿದೆ, ಉರಿಯುತ್ತಿದೆ ಎಂದು ಅದು ಅಳುವಿನಿಂದಲೇ ಹೇಳುತ್ತದೆ. ಮುಂದಿನ ಸಲ ಆ ಅಳು ಕೇಳಿದಾಗ “ಏನು ತಿಂದೆ?” ಎಂದು ತಾಯಿಯನ್ನು ಕೇಳುವ ಬದಲು, ಹತ್ತಿರದಲ್ಲಿರುವವರು ಯಾರೇ ಆಗಲಿ ಎದ್ದು ಹೋಗಿ ಲಂಗೋಟಿ ಮುಟ್ಟಿ ನೋಡಿ. ಒದ್ದೆಯಿದ್ದರೆ ಬದಲಾಯಿಸಿ. ಬಿಚ್ಚಿದ್ದನ್ನು ಒಗೆದು ಹಗ್ಗಕ್ಕೂ ನೀವೇ ಹಾಕಿ.